ಮಾತು ತಡೆಯದಷ್ಟು ನಿಧಾನ

"ಪಾತ್ತು, ಪಾತ್ತು! ಹುಷಾರು, ಕಾಲ ಮೇಲೆ ಬಿದ್ದೀತು," ಎಂದು ಪಕ್ಕದ ಮನೆಯ ರಮೇಶ್ ಕೂಗಿದ.

ಕೃಷ್ಣಪ್ರಸಾದ ಹಜಾರದ ನಡುವಿನಿಂದ ವ್ಯಾಯಾಮದ ದೋಣಿ ಮೆಷಿನ್ನನ್ನು ಎಳೆದು ಗೋಡೆಗೆ ಒರಗಿಸಿದ. ಆಸ್ಪತ್ರೆಯಿಂದ ತಂದ ಅಪ್ಪ ಮಧ್ವರಾಜರ ದೇಹವನ್ನು ಮಲಗಿಸಲು ಬೇರೆ ಜಾಗವಿರಲಿಲ್ಲ.

"ದಿನಾ ಇದರ ಮೇಲೆ ಕೂತು ಎಲ್ಲಿಗೆ ಹೋಗ್ತಿದ್ದರೋ ಸಾರ್," ಎಂದ ರಮೇಶ್.

"ಇದರಿಂದ ಹನ್ನೊಂದು ವರ್ಷ ಜಾಸ್ತಿ ಇದ್ದರಲ್ಲ, ಪೋದುಂ, ಅಷ್ಟು ಸಾಕು," ಎಂದ ಕೃಷ್ಣಪ್ರಸಾದ.

ಮೂಲೆಯಲ್ಲಿ ಕೂತಿದ್ದ ಅವನಮ್ಮ ಅಮ್ಮಣ್ಣಿ ಗೋಡೆಗೊರಗಿದ ಆ ಮೆಷಿನ್ನನ್ನೇ ನೋಡುತ್ತಿದ್ದರು.

*

ಎಪ್ಪತ್ತೈದನೇ ಇಸವಿಯಲ್ಲಿ ಮಧ್ವರಾಜರಿಗೆ ಎದೆನೋವು ಬಂತು. ಮಂಡಿನೋವಿನಿಂದ ವಾಕಿಂಗ್ ಸಾಧ್ಯವಿರಲಿಲ್ಲ. ಮದ್ರಾಸಿನ ನುಂಗಂಬಾಕ್ಕಂನಲ್ಲಿ ಮನೆ ಖಾಲಿ ಮಾಡುತ್ತಿದ್ದ ವಿದೇಶಿಯೊಬ್ಬರಿಂದ ಈ ಯಂತ್ರ ಸಿಕ್ಕಿತು: ಜಾರುವ ಪೀಠ, ಎರಡು ಹುಟ್ಟು. ನೀರಿಲ್ಲದ ದೋಣಿ.

"ಜೋರು ಬೇಡ," ಎಂದರು ಡಾಕ್ಟರು. "ದಿನಾ ಒಂದು ಗಂಟೆ, ಮಾತಾಡಿಕೊಂಡು ಎಳೆಯೋಷ್ಟು ನಿಧಾನ. ಮಾತು ತಡೆದರೆ ಜಾಸ್ತಿಯಾಯ್ತು ಅಂತ."

"ಯಾರ ಹತ್ತಿರ ಮಾತಾಡಲಿ?" ಮಧ್ವರಾಜರು ನಿಜವಾಗಿಯೂ ಗೊತ್ತಾಗದೆ ಕೇಳಿದರು. ಮದುವೆಯಾಗಿ ಇಪ್ಪತ್ತೆಂಟು ವರ್ಷ. ವಿಮಾ ಆಫೀಸಿನಿಂದ ಬಂದು "ಕಾಫಿ" ಎಂದರೆ ಅಂದಿನ ಮಾತು ಮುಗಿಯುತ್ತಿತ್ತು.

ಮರುದಿನ ಬೆಳಿಗ್ಗೆ ಅಮ್ಮಣ್ಣಿ ಹುರುಳಿಕಾಯಿ ಹಿಡಿದು ಎದುರು ಕೂತರು. ಆಫೀಸಿನ ಸುದ್ದಿ ವಾರಕ್ಕೇ ಬತ್ತಿತು. ಎಂಟನೆಯ ದಿನ ಗಂಡ ಸುಮ್ಮನಾದಾಗ ಅವರಿಗೆ ಗಾಬರಿ.

"ಉಸಿರು ಕಟ್ಟಿತಾ?"

"ಇಲ್ಲ. ಹೇಳೋಕೆ ಏನೂ ಇಲ್ಲ."

"ಚಿಕ್ಕವರಿದ್ದಾಗಿಂದು ಹೇಳಿ."

ಹುಟ್ಟು ಮುಂದೆ ಹೋಯಿತು, ಹಿಂದೆ ಬಂತು. ವರ್ಷ ಕಳೆಯುವುದರೊಳಗೆ ಮಧ್ವರಾಜರು ಮೆಟ್ಟಿಲಲ್ಲಿ ನಿಲ್ಲದೆ ಮಾಳಿಗೆ ಹತ್ತುತ್ತಿದ್ದರು. ಅಮ್ಮಣ್ಣಿ ಬೆಳಗಾಗುವುದನ್ನೇ ಕಾಯುತ್ತಿದ್ದರು.

*

"ಮುಂದಿನ ಕರ್ಮಕ್ಕೆ ಬರಕೋತೀನಿ, ಅಪ್ಪನ ಮೇಲಿನ ಮೂರು ತಲೆ ಹೆಸರು ಹೇಳಪ್ಪಾ," ಎಂದರು ಪುರೋಹಿತರು.

"ಸೀತಾರಾಮ," ಎಂದು ತಾತನ ಹೆಸರು ಹೇಳಿ ಕೃಷ್ಣಪ್ರಸಾದ ತಡವರಿಸಿದ. "ಅದುಕ್ಕು ಮೇಲೆ ತೆರಿಯಾದು, ಗೊತ್ತಿಲ್ಲ."

"ಅವರಪ್ಪ ರಾಮದಾಸ," ಎಂದರು ಅಮ್ಮಣ್ಣಿ. "ಅವರಪ್ಪ ಬದರಿನಾಥ."

ಪುರೋಹಿತರು ಪೆನ್ನು ಮುಚ್ಚಿದರು. "ಸಾಕಮ್ಮ."

"ಇನ್ನೊಂದು ಬರಕೊಳ್ಳಿ. ಸರಸ. ಇವರ ತಂಗಿ. ನಾಲ್ಕು ವರ್ಷಕ್ಕೇ ಕೆರೆಗೆ ಬಿದ್ದು ಹೋಯಿತು. ಆಮೇಲೆ ಮನೇಲಿ ಯಾರೂ ಹೆಸರೆತ್ತಲಿಲ್ಲವಂತೆ."

"ಅಪ್ಪಂಗೆ ತಂಗಿ ಇದ್ದರಾ?"

"ಇದ್ದಳು."

ಇದು ಕ್ರಮವಲ್ಲ ಎಂದು ಪುರೋಹಿತರು ಹೇಳಬಹುದಿತ್ತು. ಆದರೆ ಹಾಳೆಯ ಅಂಚಿನಲ್ಲಿ ಜಾಗ ಹುಡುಕಿ ಬರೆದರು. ಕನ್ನಡ ಓದಲು ಬಾರದ ಕೃಷ್ಣಪ್ರಸಾದ ಆ ಮೂರು ಅಕ್ಷರಗಳ ಕೆಳಗೆ ಬೆರಳಿಟ್ಟು, ಒಂದೊಂದನ್ನೇ ಅಮ್ಮನಿಂದ ಹೇಳಿಸಿಕೊಂಡ.