ಯಾರ ಕಾಲಿನ ನಡುಕ

ನನ್ನ ಹೆಂಡತಿಯ ತಮ್ಮನನ್ನು ರೇಸ್‌ಕೋರ್ಸಿನಲ್ಲಿ ಎಲ್ಲರೂ ಕಡ್ಡಿ ಅಂತಲೇ ಕರೆಯುತ್ತಿದ್ದರು. ಆರು ವರ್ಷ ಸತತವಾಗಿ ಚಾಂಪಿಯನ್ ಜಾಕಿ. ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಇವನಿಗೆ ಎರಡೂ ಇತ್ತು. ತಿನ್ನಲು ತೂಕದ ಯಂತ್ರ ಬಿಡುತ್ತಿರಲಿಲ್ಲ. ಮೂವತ್ತು ದಾಟಿದ ಮೇಲಂತೂ ಗಾಳಿ ಕುಡಿದರೂ ಮೈ ಬರುತ್ತಿತ್ತು.

ದೊಡ್ಡ ಕಪ್ ರೇಸಿನ ವಾರ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡ. ಬಚ್ಚಲಲ್ಲಿ ಬಿಸಿನೀರು ಬಿಟ್ಟು, ಬಾಗಿಲ ಸಂದಿಗೆ ಟವೆಲ್ ತುರುಕಿ, ರಬ್ಬರ್ ಕೋಟು ತೊಟ್ಟು ಬೆವರಿಳಿಸುತ್ತ ಕೂತ. ಅವನ ಅಕ್ಕ ಬಾಗಿಲು ಬಡಿದಳು.

"ಒಂದು ಗುಟುಕು ನೀರಾದ್ರೂ ಕುಡಿಯೋ, ಸತ್ತೋಗ್ತೀಯ!"

"ನೀರಿಗೂ ತೂಕ ಇದೆ ಕಣಕ್ಕ. ಇದೊಂದು ರೇಸ್ ಮುಗೀಲಿ."

ಇದೊಂದು ಮುಗೀಲಿ ಎಂಬ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು.

ಅವನು ಏರಬೇಕಿದ್ದ ಕಂದು ಹೆಣ್ಣುಕುದುರೆಯನ್ನು ಮರಿಯಿಂದ ಮೈಯುಜ್ಜಿ ಸಾಕಿದವನು ನಾನು. ಹೆತ್ತ ಮಗಳಿಗಿಂತ ಒಂದು ಕೈ ಹೆಚ್ಚೇ ಮುದ್ದು. ರೇಸಿನ ದಿನ ಲಾಯದಲ್ಲಿ ಚೆನ್ನಾಗಿಯೇ ನಡೆದಳು. ಆದರೆ ಕುದುರೆಯ ಕಾಲಿನ ನೋವು ಕೆಲವೊಮ್ಮೆ ಬೆನ್ನ ಮೇಲೆ ಕೂತವನಿಗೆ ಮಾತ್ರ ತಿಳಿಯುತ್ತದೆ. ಅವನು ಒಂದು ಮಾತು ಹೇಳಿದರೆ ಸಾಕು, ಓಟ ಶುರುವಾಗುವ ಗೇಟಿನ ಬಳಿ ನಿಂತ ಕುದುರೆ ಡಾಕ್ಟರು ನೋಡಿ ಹಿಂದಕ್ಕೆ ಕಳಿಸುತ್ತಾರೆ. ಅದಕ್ಕೇ ಗೇಟಿನ ಹತ್ತಿರ ಲಗಾಮು ಹಿಡಿದು ಕೇಳಿದೆ.

"ಹೇಗಿದ್ದಾಳೋ?"

"ಚೆನ್ನಾಗೇ ಇದ್ದಾಳೆ, ಬಿಡಿ ಭಾವ." ಅವನ ತುಟಿ ಒಡೆದಿತ್ತು, ಮುಖ ಬೂದಿ ಬಳಿದಂತಿತ್ತು.

ಕೊನೆಯ ತಿರುವಿನಲ್ಲಿ ಎಲ್ಲರಿಗಿಂತ ಮುಂದಿದ್ದಾಗ ಅವಳ ಮುಂಗಾಲು ಒಣಕಟ್ಟಿಗೆಯಂತೆ ಮುರಿಯಿತು. ಇಬ್ಬರೂ ಬಿದ್ದರು. ಹಿಂದಿನ ಕುದುರೆ ಇವನ ಬೆನ್ನು ತುಳಿದು ಹೋಯಿತು. ಸುತ್ತ ಪರದೆ ಎಳೆದು ಡಾಕ್ಟರು ಕುದುರೆಗೆ ಕೊನೆಯ ಸೂಜಿ ಚುಚ್ಚುವಾಗ ಅವಳ ತಲೆ ನನ್ನ ತೊಡೆಯ ಮೇಲಿತ್ತು. ನಾಚಿಕೆ ಬಿಟ್ಟು ಅತ್ತೆ. ಕಪ್ಪಿನ ಆಸೆಗೆ ಗೊತ್ತಿದ್ದೂ ಓಡಿಸಿದ ಪಾಪಿ ಎಂದು ಹಲ್ಲು ಕಡಿದೆ.

ಆಸ್ಪತ್ರೆಯಲ್ಲಿ ಅವನಿಗೆ ಸೊಂಟದ ಕೆಳಗೆ ಸ್ಪರ್ಶವೇ ಇಲ್ಲ ಎಂದರು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ.

"ಗೊತ್ತಿದ್ದೂ ಓಡಿಸಿದೆಯೇನೋ?"

"ಇಲ್ಲ ಭಾವ. ಗೇಟಿಗೆ ಬರ್ತಾ ಒಂದು ನಡುಕ ಗೊತ್ತಾಯ್ತು. ಉಪವಾಸ ಇದ್ದಾಗೆಲ್ಲ ನನ್ನ ಮಂಡಿ ನಡುಗುತ್ತೆ. ನನ್ನದೇ ಅಂದ್ಕೊಂಡೆ." ಅವನು ನನ್ನ ಮುಖವನ್ನೇ ನೋಡಿದ. "ಅವಳದಾ ಅದು?"

ಬೈಯಲೆಂದು ಬಂದವನು ಮಂಚದ ಅಂಚಿಗೆ ಕೂತೆ. ಸುಳ್ಳು ಹೇಳಬಹುದಿತ್ತು, ನಾಲಿಗೆ ಹೊರಳಲಿಲ್ಲ.

"ಹೂಂ. ಅವಳದೇ."

ಅವನು ಮುಖ ಮುಚ್ಚಿಕೊಂಡು ಅತ್ತ. ಭುಜ, ಎದೆ, ಮಂಚ ಎಲ್ಲ ಅದುರಿದವು. ಹೊದಿಕೆಯ ಕೆಳಗೆ ಅವನ ಕಾಲುಗಳು ಮಾತ್ರ ನಡುಗಲಿಲ್ಲ.