ಒಡ್ಡಿನ ಮೇಲೆ ಕೂತ ಅಪ್ಪ

ಮಾಲಗಾಂವದ ಹೊರಗಿರುವ ನಮ್ಮ ಒಡ್ಡಿನ ಮುಂದೆ ಕೊಯ್ನಾ ಅಣೆಕಟ್ಟು ಮಕ್ಕಳಾಟಿಕೆ. ಅದನ್ನು ಕಟ್ಟಿಸಿದವರು ನಮ್ಮ ಅಪ್ಪ ಬಾಳಪ್ಪ. ಮಿರಜದಲ್ಲಿ ಅರಿಶಿಣ ಮಾರಿದರು, ಇಲ್ಲಿ ಬರೀ ಮಣ್ಣಿನಿಂದ ಸಮುದ್ರ ಹಿಡಿದರು. ಆ ನೀರು ಕುಡಿದ ನಮ್ಮ ದ್ರಾಕ್ಷಿ ತೆಂಗಿನಕಾಯಿಯಷ್ಟು ದಪ್ಪ. ಎರಡು ತಿಂದವನಿಗೆ ಆ ದಿನ ಊಟ ಬೇಡ.

ಅಪ್ಪ ಸಾಯುವಾಗ, "ನನ್ನ ನೀರ ಮ್ಯಾಲ ನನ್ನ ಕೂಡಸ್ರಿ" ಎಂದರು. ನಮ್ಮವರು ಸತ್ತವರನ್ನು ಸುಡುವುದಿಲ್ಲ, ಕೂಡಿಸಿ ಮಣ್ಣು ಕೊಡುತ್ತಾರೆ. ಅಪ್ಪ ಬೆಟ್ಟದಂಥ ಆಳು. ಒಡ್ಡಿನ ನಡುನೆತ್ತಿಯಲ್ಲೇ ಬಾವಿಯಂಥ ಗುಣಿ ತೋಡಿದೆವು. ಮೇಲೆ ಕಟ್ಟಿದ ಕಲ್ಲುಕಟ್ಟೆ, ನೀರು ಬಿಡುವ ತೂಬಿನ ಬಾಯನ್ನೂ ಮುಚ್ಚಿತು. ಇರಲಿ, ಅಂಥ ಸಮಾಧಿ ಕಾಶಿಯಲ್ಲೂ ಇಲ್ಲ.

ಒಡ್ಡಿನ ಕೆಳಗೆ ಕುರಿ ಸಾಕುವ ದುಂಡವ್ವನ ಮನೆ, ಪಕ್ಕದಲ್ಲೇ ಕುರಿದೊಡ್ಡಿ. ಈ ಮಳೆಗಾಲದಲ್ಲಿ ಒಂದು ಮುಂಜಾನೆ ಅವಳು ನನ್ನನ್ನು ಕರೆದೊಯ್ದು ತೋರಿಸಿದಳು. ಸಮಾಧಿಯ ನೇರಕ್ಕೆ, ಒಡ್ಡಿನ ಬುಡದಿಂದ ನೀರು ಹೊರಡುತ್ತಿತ್ತು.

"ಸಾವಕಾರ್ರ, ನಿನ್ನೀತನಾ ತಿಳಿ ಇತ್ರಿ. ಇವತ್ತ ಕೆಂಪಾಗೇತಿ. ಒಳಗಿನ ಮಣ್ಣ ಕರಗಿ ಬರಾಕತ್ತೈತಿ. ಒಡ್ಡ ಒಡದ್ರ ಮದಲ ನನ್ನ ಮನೀನ. ನಿಮ್ಮಣ್ಣ ಹಿರೇ ಸಾವಕಾರ್ರು ನನ್ನ ಮಾತ ಕೇಳಂಗಿಲ್ಲ. ನೀವರೆ ಹೇಳ್ರಿ."

"ನಾ ಮಾತಾಡಿದ್ರ ಕಲ್ಲು ಎದ್ದ ನಿಂದರ್ತಾವ ದುಂಡವ್ವಾ. ಅಣ್ಣ ಯಾವ ಲೆಕ್ಕ?"

ಮಿರಜದ ಅಂಗಡಿಯಲ್ಲಿ ಅಣ್ಣ ಓಂಪ್ರಕಾಶ ಗಾದಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

"ಅಣ್ಣಾ, ಒಡ್ಡಿನ ಬುಡದಾಗ ಆನಿ ಸೊಂಡಿಲಷ್ಟ ನೀರ ಬೀಳಾಕತ್ತೈತಿ! ಕೆಂಪ ನೀರ! ಊರಿಗೂರ ತೇಲಿ ಕೃಷ್ಣಾ ನದಿ ಸೇರತೈತಿ!"

ಅವನು ಕಪ್ಪಿನ ಚಹಾ ಬಸಿಗೆ ಸುರಿದು ಊದಿದ. "ಹೋದ ವರ್ಷ ತ್ವಾಟಕ್ಕ ಹುಲಿ ಬಂದೈತಿ ಅಂದಿದ್ದಿ. ಹೋಗಿ ನೋಡಿದ್ರ ಬಾಜೂ ತ್ವಾಟದ ದಶರಥನ ಬೆಕ್ಕ."

"ಲಿಂಗದ ಆಣಿ ಅಣ್ಣಾ, ಖರೇನ ಹೇಳ್ತೇನಿ. ಬೆರಳಷ್ಟ ಐತಿ."

"ಬೆರಳಷ್ಟ? ಮತ್ಯಾಕ ಬಾಯಿ ಮಾಡ್ತಿ? ಮಣ್ಣಿನ ಒಡ್ಡು ಅಂದಮ್ಯಾಲ ಬೆವರತೈತಿ."

"ಕೆಂಪ ಐತಿ ಅಣ್ಣಾ. ಕಟ್ಟಿ ತಗದು ತೂಬ ಬಿಚ್ಚೂಣು. ನೀರ ಇಳಸಿ, ಒಡ್ಡ ಅಗದು, ಮತ್ತ ಬಿಗೀ ಮಾಡೂಣು."

ಅವನು ಬಸಿ ಕೆಳಗಿಟ್ಟ. "ಅಪ್ಪನ್ನ ಎಬ್ಬಸ್ತೀ?"

ಮೂರು ಲೋಕ ಗೆದ್ದ ಬಾಯಿ ಹೊತ್ತುಕೊಂಡು ನಾನು ಮಾಲಗಾಂವದ ಬಸ್ಸು ಹತ್ತಿದೆ.

ಆದರೂ ಅಣ್ಣ ಸುಮ್ಮನೆ ಕೂಡಲಿಲ್ಲ. ಮರುದಿನ ಒಂದು ಟೆಂಪೋ ಬಂತು. ಒಡ್ಡು ರಿಪೇರಿಗೆ ಬಂದರೆಂದು ದುಂಡವ್ವ ಓಡಿಬಂದಳು. ಇಳಿದದ್ದು ಸಮಾಧಿಗೆ ಹೊದಿಸುವ ಅಮೃತಶಿಲೆಯ ಹಾಸುಗಲ್ಲು. ಭಾರ ಹೆಚ್ಚಾದರೆ ಒಡ್ಡು ಬಿಗಿಯಾಗುತ್ತದೆಂದು ಅಣ್ಣ ಹೇಳಿ ಕಳಿಸಿದ್ದ.

ದುಂಡವ್ವ ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು.

"ಕಲ್ಲು ಎದ್ದ ನಿಂದರ್ತಾವ ಅಂದಿದ್ರಿ. ಬಂದ ಕುಂತ್ವು."

ಅಂದೇ ಅವಳು, ಗಂಡ ಗುರಲಿಂಗ ಇಬ್ಬರೂ ಕುರಿಗಳನ್ನು ಗುಡ್ಡದ ಕಡೆ ಹೊಡೆದರು. ಕಂಬಳಿಗಂಟು ನಾನು ಹೊತ್ತೆ. ಮನೆಯ ಚಿಲಕ ಹಾಕಲು ಹೋದರೆ ಅವಳು ತಡೆದಳು.

"ಬ್ಯಾಡ್ರಿ. ಹಾಕಿದ್ರ ನೀರ ಬಾಗಿಲಾನೂ ಮುರೀತೈತಿ. ತೆರದ ಇರ್ಲಿ."

ಸಂಜೆ ಮಳೆ ಮತ್ತೆ ಹಿಡಿಯಿತು. ಒಡ್ಡಿನ ಬುಡಕ್ಕೆ ಹೋಗಿ ಕೈಯೊಡ್ಡಿದೆ. ಕೆಂಪು ನೀರು ನನ್ನ ತೋಳಿನಷ್ಟು ದಪ್ಪವಾಗಿತ್ತು. ದಾರಿಯಲ್ಲಿ ಸಿಕ್ಕ ದಶರಥನಿಗೆ ಹೇಳಿದೆ.

"ನೀವು ತೋಳಷ್ಟ ಅಂದ್ರ, ಬೆರಳಷ್ಟ ಇರಬೇಕ ಬಿಡ್ರಿ" ಎಂದು ನಗುತ್ತ ಅವನು ಒಡ್ಡಿನ ಕೆಳಗಿನ ದಾರಿ ಹಿಡಿದ.