ಗುಲಾಬಿ ಕಾಣದ ಕ್ಯಾಮೆರಾ

ಕೊಟ್ರೇಶನ ಬಾಯಿ ತುಂಬ ರಕ್ತ. ಬೇವೂರಿನಿಂದ ಯಲಬುರ್ಗಾದವರೆಗೂ ಊರಿನ ಜನ ಅವನನ್ನು ಟ್ರ್ಯಾಕ್ಟರಿನಲ್ಲಿ ಹೊಡೆಯುತ್ತಲೇ ತಂದಿದ್ದರು.

"ನನ್ನ ಕುರಿಗೋಳಿಗೆ ವಿಷಾ ಹಾಕ್ಯಾನ ಈ ಭಾಡ್ಯಾ!" ಪಕ್ಕದ ಹೊಲದ ದೊಡ್ಡಬಸಪ್ಪ ಕೊಡಲಿಕಾವಿನಿಂದ ತಿವಿದು ಅವನನ್ನು ಕುರಿರೋಗದ ಲ್ಯಾಬಿನೊಳಗೆ ದೂಡಿದ. ಹಿಂದೆಯೇ ಎದೆ ಬಡಿದುಕೊಳ್ಳುತ್ತ ಕೊಟ್ರೇಶನ ಹೆಂಡತಿ ಮಲ್ಲೇಶ್ವರಿ ಬಂದಳು.

ಸಂಶೋಧಕಿ ಸಹನಾಳಿಗೆ ಮೈಯೆಲ್ಲ ಉರಿಯಿತು. ಬಂದದ್ದೂ ಎಂಥ ದಿನ! ಮೈಕ್ರೋಸ್ಕೋಪಿಗೆ ಬಣ್ಣದ ಡಿಜಿಟಲ್ ಕ್ಯಾಮೆರಾ ಆರಿಸಬೇಕಿತ್ತು. ಕಂಪನಿಯ ಗೋವಿಂದರಾಜ ಎರಡನ್ನು ತಂದಿಟ್ಟು ಹಲ್ಲು ಕಿರಿಯುತ್ತಿದ್ದ. ಹೊಸ ಯಂತ್ರ ಬಂತೆಂದು ಕಸ ಹೊಡೆಯುವ ಪಕ್ಕೀರವ್ವ ಪೂಜೆ ಮಾಡಿ, ಮೈಕ್ರೋಸ್ಕೋಪಿನ ಬಲ್ಬಿನ ಗಾಜಿಗೇ ಕುಂಕುಮ ಬಳಿದಿದ್ದಳು. ಅದನ್ನು ಗಮನಿಸದ ಸಹನಾ, ಬಣ್ಣ ಸರಿಹೊಂದಿಸುವಾಗ ಆ ಬೆಳಕನ್ನೇ ಬಿಳಿಯೆಂದು ಮೊದಲ ಕ್ಯಾಮೆರಾಕ್ಕೆ ತೋರಿಸಿದ್ದಳು. ಆಮೇಲೆ ಕಣ್ಣಿಗೆ ಬಿದ್ದಾಗ ಗೊಣಗುತ್ತ ಒರೆಸಿದ್ದಳು, ಅಷ್ಟೆ.

ಅವರು ಟ್ರ್ಯಾಕ್ಟರಿನಲ್ಲೇ ಹಾಕಿ ತಂದಿದ್ದ ಸತ್ತ ಕುರಿಯ ರಕ್ತಕ್ಕೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ಇಣುಕಿದಳು.

"ಇದು ಆಂಥ್ರಾಕ್ಸ್ ರೋಗ. ನೀಲಿ ಕಡ್ಡಿಯಂಥ ಕ್ರಿಮಿ, ಅದರ ಸುತ್ತ ಗುಲಾಬಿ ಬಣ್ಣ ಐತಿ, ಅದ ಈ ರೋಗದ ಗುರುತು. ಯಾರೂ ವಿಷಾ ಹಾಕಿಲ್ರಿ, ಅವನ್ನ ಬಿಡ್ರಿ!"

"ನೀವೊಬ್ಬರ ನೋಡಿದ್ರ ಆತೇನ್ರಿ? ನಮ್ಮ ಕಣ್ಣಿಗೆ ಕಾಣಬೇಕು," ಎಂದ ದೊಡ್ಡಬಸಪ್ಪ.

ಸಹನಾ ಧೈರ್ಯದಿಂದಲೇ ಮೊದಲ ಕ್ಯಾಮೆರಾ ಹಚ್ಚಿದಳು. ಪರದೆಯ ತುಂಬ ನೀಲಿ. ಗುಲಾಬಿಯ ಸುಳಿವೇ ಇಲ್ಲ.

"ಎಲ್ಲೈತ್ರಿ ಗುಲಾಬಿ?"

"ತಡೀರಿ, ಕ್ಯಾಮೆರಾದಾಗ ಏನೋ..."

"ಸುಳ್ಳು ಹೇಳಾಕತ್ಯಾಳ!" ಯಾರೋ ಕೂಗಿದರು. ಕೊಡಲಿಕಾವು ಬೀಸಿ ಬಂತು. ಕೊಟ್ರೇಶನ ತೋಳು ಲಟಕ್ಕೆಂದು ಮುರಿಯಿತು. ಅಡ್ಡ ಬಿದ್ದ ಮಲ್ಲೇಶ್ವರಿಯನ್ನು ತುರುಬು ಹಿಡಿದು ಎಳೆದೆಸೆದರು. ಎರಡನೆಯ ಏಟು ಕೊಟ್ರೇಶನ ನೆತ್ತಿಗೆ ಬಿತ್ತು. ಬಿಡಿಸಲು ನುಗ್ಗಿದ ಸಹನಾಳ ತುಟಿ ಒಡೆಯಿತು. ರಕ್ತ ಉಗುಳಿ, ಎರಡನೆಯ ಕ್ಯಾಮೆರಾ ತಿರುಗಿಸಿ ಕೂರಿಸಿದಳು.

"ನೋಡ್ರೋ ಇಲ್ಲಿ, ನೋಡ್ರೋ!"

ಪರದೆಯ ಮೇಲೆ ಪ್ರತಿ ಕಡ್ಡಿಯ ಸುತ್ತಲೂ ಗುಲಾಬಿ. ಎತ್ತಿದ ಕೈಗಳು ಇಳಿದವು. ಆಗ ಅವಳಿಗೆ ಹೊಳೆಯಿತು: ಕುಂಕುಮದ ಕೆಂಪನ್ನು ಬಿಳಿಯೆಂದು ನಂಬಿದ ಮೊದಲ ಕ್ಯಾಮೆರಾ, ಗಾಜು ಒರೆಸಿದ ಮೇಲೂ ಚಿತ್ರದ ಕೆಂಪನ್ನೆಲ್ಲ ಕಳೆಯುತ್ತಲೇ ಇತ್ತು. ಮತ್ತೊಮ್ಮೆ ಬಿಳಿ ತೋರಿಸಿದ್ದರೆ ಸಾಕಿತ್ತು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮೇಜಿನಡಿಯಿಂದ ಗೋವಿಂದರಾಜ ತಲೆ ಹೊರಹಾಕಿದ. "ಮೇಡಂ, ಹಂಗಾರ ಎರಡನೇದ್ದ ಫೈನಲ್ ಮಾಡೂಣೇನ್ರಿ?"

ಸಹನಾ ಅವನ ಕಪಾಳಕ್ಕೆ ಬಾರಿಸಿದಳು.

ದೊಡ್ಡಬಸಪ್ಪ ಕಾವು ಬಿಸಾಕಿ ನೆಲಕ್ಕೆ ಕುಕ್ಕರಿಸಿ ಕೊಟ್ರೇಶನ ಭುಜ ಅಲುಗಾಡಿಸಿದ. "ಏಳೋ ಕೊಟ್ರ್ಯಾ. ವಿಷಾ ನೀ ಹಾಕಿಲ್ಲಂತ, ನೋಡೋ."

ಗಂಡನ ತೆರೆದ ಕಣ್ಣುಗಳನ್ನು ಮಲ್ಲೇಶ್ವರಿ ಮುಚ್ಚಿದಳು.

"ಅದು ಅವಗ ಗೊತ್ತಿತ್ತು," ಎಂದಳು.